ಕುಸಿಯದ ನೆಲದ ಸಾಕ್ಷ್ಯ

ಒಂದು ವಸ್ತು ಕಾಣದಿದ್ದಾಗ ಅದು ಇಲ್ಲವೆಂದು ಯಾವಾಗ ಹೇಳಬಹುದು ಎಂಬುದು ಭಾರತೀಯ ಪ್ರಮಾಣಶಾಸ್ತ್ರದ, ಅಂದರೆ ಸರಿಯಾದ ಅರಿವಿಗೆ ದಾರಿಗಳು ಯಾವುವು ಎಂದು ವಿಚಾರಿಸುವ ಶಾಸ್ತ್ರದ, ಹಳೆಯ ತೊಡಕುಗಳಲ್ಲೊಂದು. ನೆಲದ ಮೇಲೆ ಗಡಿಗೆ ಇಲ್ಲ ಎಂಬ ಸರಳ ಮಾತನ್ನು ಮುಂದಿಟ್ಟುಕೊಂಡು ನೈಯಾಯಿಕರು, ಮೀಮಾಂಸಕರು, ವೇದಾಂತಿಗಳು ಶತಮಾನಗಳ ಕಾಲ ವಾದಿಸಿದರು. ಕುಮಾರಿಲಭಟ್ಟರನ್ನು ಅನುಸರಿಸುವ ಮೀಮಾಂಸಕರು ಕಾಣದಿರುವುದನ್ನೇ 'ಅನುಪಲಬ್ಧಿ' ಎಂಬ ಪ್ರತ್ಯೇಕ ಪ್ರಮಾಣವೆಂದು ಎಣಿಸಿದರೆ, ವಿಶಿಷ್ಟಾದ್ವೈತಿಗಳು ಗಡಿಗೆಯ ಅಭಾವವೆಂದರೆ ಬರಿದಾದ ನೆಲದ ಇರವೇ ಹೊರತು ಬೇರೊಂದು ಪದಾರ್ಥವಲ್ಲವೆಂದು ವಾದಿಸಿ, ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರೇ ಪ್ರಮಾಣಗಳು ಸಾಕೆಂದರು. ಈ ದೀರ್ಘ ವಾದದಲ್ಲಿ ಗಡಿಗೆ ಬಂತು, ಹೋಯಿತು, ಒಡೆಯಿತು. ಅದನ್ನು ಹೊತ್ತ ನೆಲ ಮಾತ್ರ ಇದ್ದಲ್ಲೇ ಇದ್ದಿತು. ಉದಾಹರಣೆಗೆ ಆಧಾರವಾದ ಆ ನೆಲವೇ ಸರಿಯುತ್ತದೆ, ತಗ್ಗುತ್ತದೆ, ಕೆಲವೆಡೆ ಉಬ್ಬುತ್ತದೆ ಎಂಬುದನ್ನು ಕಳೆದ ಮೂರು ದಶಕಗಳಲ್ಲಿ ಉಪಗ್ರಹ ರೇಡಾರ್ ಮಿಲಿಮೀಟರಿನ ಲೆಕ್ಕದಲ್ಲಿ ತೋರಿಸತೊಡಗಿದ ಮೇಲೆ, ತರ್ಕಶಾಸ್ತ್ರದ ಹಳೆಯ ಪ್ರಶ್ನೆ ಹೊಸ ವಿಷಯವೊಂದನ್ನು ಪಡೆದುಕೊಂಡಿದೆ: ನೆಲ ಕುಸಿದರೆ ಅದರೊಳಗಿನ ನೀರು ಬರಿದಾಗಿದೆಯೆಂದು ಊಹಿಸುವುದು ಸರಿ, ಆದರೆ ನೆಲ ಕುಸಿಯದಿದ್ದರೆ ಏನೂ ಆಗಿಲ್ಲವೆಂದು ನಂಬಬಹುದೇ?

ಈ ಪ್ರಶ್ನೆಯನ್ನು ಮಂಡ್ಯ ಜಿಲ್ಲೆಯ ಪಶ್ಚಿಮ ಭಾಗದ ನೆಲದಿಂದ ನೋಡುವುದಕ್ಕೆ ಕಾರಣವಿದೆ. ಪಾಂಡವಪುರದಿಂದ ಕೃಷ್ಣರಾಜಪೇಟೆಯ ಕಡೆಗೆ ಹೋಗುವ ದಾರಿಯಲ್ಲಿರುವ ಚಿನಕುರಳಿಯನ್ನು ನಡುವಿಗಿಟ್ಟುಕೊಂಡರೆ, ಒಂದು ಕಡೆ ಜನ ಇಂದಿಗೂ ಕನ್ನಂಬಾಡಿ ಕಟ್ಟೆಯೆಂದೇ ಕರೆಯುವ ಕೃಷ್ಣರಾಜಸಾಗರ, ಇನ್ನೊಂದು ಕಡೆ ರಾಮಾನುಜರು ನೆಲೆಸಿದ್ದ ಮೇಲುಕೋಟೆ, ಆಚೆಗೆ ನಾಗಮಂಗಲ ತಾಲ್ಲೂಕಿನಲ್ಲಿ ಜೈನರ ಹಳೆಯ ಕ್ಷೇತ್ರವಾದ ಕಂಬದಹಳ್ಳಿ, ಮತ್ತು ಇದೇ ಹೋಬಳಿಯಲ್ಲಿ ಕಲ್ಲು ಗಣಿಗಾರಿಕೆಯಿಂದ ಹೆಸರಾದ ಬೇಬಿ ಬೆಟ್ಟ ಸಿಗುತ್ತವೆ. ಬೆಂಗಳೂರಿನ ಕೊಳಾಯಿಗಳಲ್ಲಿ ಹರಿಯುವ ಕಾವೇರಿ ನೀರು ಬಹುಪಾಲು ಈ ಕಟ್ಟೆಯನ್ನೇ ನೆಚ್ಚಿಕೊಂಡಿದೆ. ನೀರು, ಬಂಡೆ, ತರ್ಕ, ಭಕ್ತಿ ಇಷ್ಟು ಹತ್ತಿರದಲ್ಲಿ ಒಟ್ಟಿಗೆ ಸಿಗುವ ಪ್ರದೇಶಗಳು ಹೆಚ್ಚಿಲ್ಲ.

ಮೊದಲಿಗೆ ಉಪಕರಣದ ಸ್ವರೂಪ ಸ್ಪಷ್ಟವಾಗಬೇಕು. ಉಪಗ್ರಹದ ರೇಡಾರ್ ಸೂರ್ಯನ ಬೆಳಕನ್ನು ಕಾಯುವುದಿಲ್ಲ. ತಾನೇ ಸೂಕ್ಷ್ಮತರಂಗಗಳನ್ನು ಓರೆಯಾಗಿ ಭೂಮಿಯ ಕಡೆಗೆ ಕಳುಹಿಸಿ, ಮರಳಿ ಬಂದ ಅಲೆಯನ್ನು ದಾಖಲಿಸಿಕೊಳ್ಳುವುದರಿಂದ ಇರುಳು, ಮೋಡ, ಹೊಗೆ ಯಾವುದೂ ಅದಕ್ಕೆ ತಡೆಯಲ್ಲ. ಮರಳಿ ಬಂದ ಅಲೆ ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದನ್ನು ಅಲೆಯ ಹಂತ ಎನ್ನಬಹುದು. ಅದೇ ಉಪಗ್ರಹ ಕೆಲವು ದಿನಗಳ ನಂತರ ಅದೇ ಕಕ್ಷೆಯಲ್ಲಿ ಬಂದು ಅದೇ ಸ್ಥಳವನ್ನು ಮತ್ತೆ ನೋಡಿದಾಗ ಎರಡು ಹಂತಗಳ ನಡುವೆ ವ್ಯತ್ಯಾಸ ಕಂಡುಬಂದರೆ, ನೆಲ ಉಪಗ್ರಹದಿಂದ ದೂರ ಸರಿದಿದೆ ಅಥವಾ ಹತ್ತಿರ ಬಂದಿದೆ ಎಂದು ಲೆಕ್ಕ ಹಾಕಲು ಸಾಧ್ಯ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ತರಂಗಾಂತರ ಸುಮಾರು 5.6 ಸೆಂ.ಮೀ.; ಅಲೆ ಹೋಗಿ ಬರುವ ಎರಡು ದಾರಿಯಲ್ಲೂ ವ್ಯತ್ಯಾಸ ಸೇರುವುದರಿಂದ ನೆಲ 2.8 ಸೆಂ.ಮೀ. ಸರಿದರೆ ಹಂತದ ಒಂದು ಸುತ್ತು ಪೂರ್ತಿಯಾಗುತ್ತದೆ. ಹತ್ತಾರು ಚಿತ್ರಗಳನ್ನು ಸರಣಿಯಾಗಿ ಪೋಣಿಸಿ, ಗಾಳಿಯ ತೇವಾಂಶ ಅಲೆಯನ್ನು ತಡಮಾಡುವುದರಿಂದ ಹುಟ್ಟುವ ದೋಷವನ್ನು ತೆಗೆದುಹಾಕಿದರೆ ವರ್ಷಕ್ಕೆ ಕೆಲವೇ ಮಿಲಿಮೀಟರುಗಳ ಚಲನೆಯೂ ತಿಳಿದುಬರುತ್ತದೆ. 1992ರಲ್ಲಿ ಕ್ಯಾಲಿಫೋರ್ನಿಯದ ಲ್ಯಾಂಡರ್ಸ್ ಎಂಬಲ್ಲಿ ಆದ ಭೂಕಂಪವು ನೆಲವನ್ನು ಹೇಗೆ ಸರಿಸಿತೆಂಬುದನ್ನು ಮರುವರ್ಷ ಈ ವಿಧಾನದಿಂದ ಚಿತ್ರಿಸಿ ತೋರಿಸಿದ ಮೇಲೆ ಇದಕ್ಕೆ ಪ್ರಸಿದ್ಧಿ ಬಂತು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹ ಇಸ್ರೋ ಮತ್ತು ನಾಸಾ ಸಂಸ್ಥೆಗಳ ಜಂಟಿ ಕೃತಿ. ಎರಡು ದೇಶಗಳ ರೇಡಾರುಗಳನ್ನು ಉಪಗ್ರಹದ ಒಡಲಿಗೆ ಜೋಡಿಸಿದ್ದು ಬೆಂಗಳೂರಿನಲ್ಲಿ. ಅದು 12 ದಿನಗಳಿಗೊಮ್ಮೆ ಅದೇ ದಾರಿಗೆ ಮರಳುತ್ತದೆ.

ಈ ಅರಿವು ಪ್ರತ್ಯಕ್ಷವೋ ಅನುಮಾನವೋ ಎಂಬುದು ಮೇಲ್ನೋಟಕ್ಕೆ ಪಂಡಿತರ ಚರ್ಚೆಯಂತೆ ಕಂಡರೂ ಅದರಿಂದ ಒಂದು ಮುಖ್ಯ ಸಂಗತಿ ಹೊರಬೀಳುತ್ತದೆ. ರೇಡಾರ್ ಯಾವ ಬಿಂದುವಿನ ಚಲನೆಯನ್ನೂ ಅದೊಂದನ್ನೇ ಬೇರ್ಪಡಿಸಿ ಹೇಳಲಾರದು. ಎರಡು ಕಾಲಗಳ ನಡುವಣ ಭೇದವನ್ನು, ಅದೂ ಸ್ಥಿರವೆಂದು ಒಪ್ಪಿಕೊಂಡ ಇನ್ನೊಂದು ಬಿಂದುವಿಗೆ ಹೋಲಿಸಿಯೇ ಹೇಳುತ್ತದೆ. ಆ ಆಧಾರಬಿಂದುವೇ ಕುಸಿಯುತ್ತಿದ್ದರೆ ಇಡೀ ನಕ್ಷೆ ತಪ್ಪುತ್ತದೆ. ವಿಶೇಷಣವಿಲ್ಲದ, ಭೇದವಿಲ್ಲದ ಬರಿಯ ವಸ್ತುವನ್ನು ತಿಳಿಸುವ ಪ್ರಮಾಣ ಯಾವುದೂ ಇಲ್ಲ, ಎಲ್ಲ ಅರಿವೂ ಸವಿಶೇಷವೇ, ಅಂದರೆ ಗುಣ ಮತ್ತು ಸಂಬಂಧಗಳಿಂದ ಕೂಡಿದ ವಸ್ತುವಿನ ಅರಿವೇ, ಎಂದು ರಾಮಾನುಜರು ಶ್ರೀಭಾಷ್ಯದ ಆರಂಭದಲ್ಲೇ ಹೂಡಿದ ವಾದಕ್ಕೆ ಇದಕ್ಕಿಂತ ಚೊಕ್ಕ ನಿದರ್ಶನ ಸಿಗುವುದು ಕಷ್ಟ. ಅವರು ಬ್ರಹ್ಮದ ಸ್ವರೂಪವನ್ನು ನಿರ್ಣಯಿಸಲು ಆ ವಾದವನ್ನು ಬಳಸಿದರೇ ಹೊರತು ನೆಲದ ಅಳತೆಗಲ್ಲ ಎಂಬುದು ನಿಜ; ಆದರೂ ವಾದದ ಬಲ ಅದರ ಮೂಲ ಸಂದರ್ಭಕ್ಕೆ ಮಾತ್ರ ಸೀಮಿತವಾಗಬೇಕಿಲ್ಲ.

ಇದರ ಜೊತೆಗೆ ಇನ್ನೊಂದು ಮಿತಿಯಿದೆ. ಉಪಗ್ರಹ ತಾನು ನೋಡುವ ಓರೆ ರೇಖೆಯುದ್ದಕ್ಕೂ ಆದ ಚಲನೆಯನ್ನು ಮಾತ್ರ ಗ್ರಹಿಸುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಏರುವಾಗಿನ ನೋಟ ಒಂದು, ಉತ್ತರದಿಂದ ದಕ್ಷಿಣಕ್ಕೆ ಇಳಿಯುವಾಗಿನ ನೋಟ ಇನ್ನೊಂದು; ಎರಡನ್ನೂ ಸೇರಿಸಿದಾಗ ನೆಲ ಎಷ್ಟು ತಗ್ಗಿತು, ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಸರಿಯಿತು ಎಂಬುದು ಬಿಡಿಸಿಕೊಳ್ಳುತ್ತದೆ, ಆದರೆ ಉತ್ತರ-ದಕ್ಷಿಣದ ಚಲನೆ ಬಹುಮಟ್ಟಿಗೆ ಮರೆಯಾಗಿಯೇ ಉಳಿಯುತ್ತದೆ. ಪ್ರತಿಯೊಂದು ಹೇಳಿಕೆಯೂ ಒಂದು ನಯದಿಂದ, ಅಂದರೆ ಒಂದು ನಿಲುವಿನಿಂದ, ಹೊರಟದ್ದಾಗಿದ್ದು, ವಸ್ತುವಿನ ಅನಂತ ಧರ್ಮಗಳಲ್ಲಿ ಕೆಲವನ್ನಷ್ಟೇ ಮುಟ್ಟುತ್ತದೆ ಎನ್ನುವ ಜೈನರ ಅನೇಕಾಂತವಾದ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಲ್ಲಿ ರಾಮಾನುಜರು ಆದಿಶೇಷನ ರೂಪ ತಾಳಿ, ಪರದೆಯ ಹಿಂದೆ ಕುಳಿತು, ಸಾವಿರ ಜೈನ ಪಂಡಿತರಿಗೆ ಸಾವಿರ ಬಾಯಿಗಳಿಂದ ಏಕಕಾಲಕ್ಕೆ ಉತ್ತರಿಸಿ ಗೆದ್ದರೆಂಬ ಐತಿಹ್ಯವನ್ನು ಶ್ರೀವೈಷ್ಣವ ಪರಂಪರೆ ಹೇಳುತ್ತ ಬಂದಿದೆ. ಭೂಮಿಯನ್ನು ಹೊತ್ತವನೇ ವಾದಕ್ಕಿಳಿದ ಆ ಕಥೆಯಲ್ಲಿ ಯಾರು ಗೆದ್ದರೆಂಬುದು ಸಂಪ್ರದಾಯದ ವಿಷಯ. ಭೂಮಿಯ ಅಲುಗಾಟದ ವಿಚಾರದಲ್ಲಂತೂ ಎರಡೂ ಪಕ್ಷಗಳ ತರ್ಕ ಬೇಕಾಗುತ್ತದೆ.

ಇನ್ನು ಅನುಮಾನದ ಮಾತು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಲು ಹೊಗೆ ಇರುವಲ್ಲೆಲ್ಲ ಬೆಂಕಿಯಿದೆ ಎಂಬ ವ್ಯಾಪ್ತಿ, ಅಂದರೆ ತಪ್ಪದ ಸಹಚಾರ, ಇರಬೇಕು. ನೆಲ ಕುಸಿಯುವುದಕ್ಕೂ ಅಂತರ್ಜಲ ತೆಗೆಯುವುದಕ್ಕೂ ಇರುವ ಸಂಬಂಧವನ್ನು ಕಾರ್ಲ್ ಟೆರ್ಜಾಗಿ ಎಂಬ ಮಣ್ಣಿನ ವಿಜ್ಞಾನಿ 1920ರ ದಶಕದಲ್ಲಿ ವಿವರಿಸಿದರು: ಮೇಲಿನ ಭಾರವನ್ನು ಮಣ್ಣಿನ ಕಣಗಳೂ ಅವುಗಳ ನಡುವೆ ತುಂಬಿದ ನೀರಿನ ಒತ್ತಡವೂ ಹಂಚಿಕೊಂಡು ಹೊರುತ್ತವೆ, ನೀರನ್ನು ಹೊರತೆಗೆದಾಗ ಅದರ ಪಾಲಿನ ಭಾರ ಕಣಗಳ ಮೇಲೆ ಬಿದ್ದು, ಮೆತ್ತನೆಯ ಜೇಡಿಯ ಪದರ ಹಿಂಡಿದಂತಾಗಿ, ನೆಲ ಕೆಳಗಿಳಿಯುತ್ತದೆ. ಹಳೆಯ ಸರೋವರದ ಜೇಡಿಯ ಮೇಲೆ ನಿಂತ ಮೆಕ್ಸಿಕೊ ನಗರದ ಕೆಲವು ಭಾಗಗಳು ವರ್ಷಕ್ಕೆ 50 ಸೆಂ.ಮೀ. ವರೆಗೆ ಇಳಿಯುತ್ತಿರುವುದು ಈ ಕಾರಣದಿಂದ. ದೆಹಲಿಯಲ್ಲಿ ವಿಮಾನ ನಿಲ್ದಾಣಕ್ಕೆ ಹತ್ತಿರದ ಕಾಪಾಸ್‌ಹೇಡಾ ಪ್ರದೇಶ 2014-16ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 11 ಸೆಂ.ಮೀ., ಮುಂದಿನ ಎರಡು ವರ್ಷಗಳಲ್ಲಿ ಸುಮಾರು 17 ಸೆಂ.ಮೀ. ವೇಗದಲ್ಲಿ ತಗ್ಗಿತೆಂದು ಸೆಂಟಿನೆಲ್-1 ದತ್ತಾಂಶವನ್ನು ಆಧರಿಸಿದ 2022ರ ಅಧ್ಯಯನ ತೋರಿಸಿತು. ಯಮುನೆಯ ಬಯಲಿನ ಮೆಕ್ಕಲು ಮಣ್ಣಿನಲ್ಲಿ ಹೊಗೆ-ಬೆಂಕಿಯ ಸಂಬಂಧ ಇಷ್ಟು ನಿಚ್ಚಳ.

ಆದರೆ ತಾರ್ಕಿಕರು ಎಚ್ಚರಿಸಿದ್ದು ಈ ಸಂಬಂಧವನ್ನು ತಿರುಗಿಸಿ ಹೇಳುವಾಗ ಆಗುವ ತಪ್ಪಿನ ಬಗ್ಗೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ಸರಿ. ಬೆಂಕಿಯಿದ್ದಲ್ಲಿ ಹೊಗೆಯಿದೆ ಎಂಬುದು ಸರಿಯಲ್ಲ, ಏಕೆಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಬೆಂಕಿ ಹೊಗೆಯಾಡಬೇಕಾದರೆ ಹಸಿ ಸೌದೆಯ ಸಂಪರ್ಕ ಬೇಕು. ಹೀಗೆ ಗುಟ್ಟಾಗಿ ನಡುವೆ ಸೇರಿಕೊಂಡು, ತಾನಿದ್ದಾಗ ಮಾತ್ರ ಸಂಬಂಧವನ್ನು ನಿಜಮಾಡುವ ಷರತ್ತಿಗೆ 'ಉಪಾಧಿ' ಎಂದು ಹೆಸರು. ಅಂತರ್ಜಲದ ವಿಷಯದಲ್ಲಿ ಮೆತ್ತನೆಯ ಜೇಡಿಯೇ ಆ ಹಸಿ ಸೌದೆ. ಅದಿಲ್ಲದ ಕಡೆ ನೀರನ್ನು ಎಷ್ಟು ಎತ್ತಿದರೂ ನೆಲ ಕುಸಿಯಲೇಬೇಕೆಂಬ ನಿಯಮವಿಲ್ಲ.

ದಕ್ಷಿಣ ಕರ್ನಾಟಕದ ಬಹುಭಾಗ ಕಾದ ಕಬ್ಬಿಣದ ಗುಂಡಿನ ಪಕ್ಷಕ್ಕೆ ಸೇರಿದ್ದು. ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎಂದು ಕರೆಯುವ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ಗಟ್ಟಿ ಬಂಡೆ ಇಲ್ಲಿನ ತಳಪಾಯ. ಮೇಲಿನ ಕೆಲವು ಅಡಿಗಳಿಂದ ಕೆಲವು ಹತ್ತು ಅಡಿಗಳವರೆಗೆ ಶಿಥಿಲಗೊಂಡ ಪುಡಿಬಂಡೆ, ಅದರ ಕೆಳಗೆ ಬಿರುಕುಗಳು. ನೀರು ಇರುವುದು ಇವೆರಡರಲ್ಲೇ. ಬಿರುಕಿನೊಳಗಿನ ನೀರು ಬರಿದಾದರೂ ಬಂಡೆ ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುತ್ತದೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ಐದು ಮಹಾನಗರಗಳನ್ನು ಕುರಿತು 2025ರಲ್ಲಿ ಪ್ರಕಟಿಸಿದ ರೇಡಾರ್ ಅಧ್ಯಯನದಲ್ಲಿ ಕುಸಿತದ ಗರಿಷ್ಠ ವೇಗ ದೆಹಲಿಯಲ್ಲಿ ವರ್ಷಕ್ಕೆ ಸುಮಾರು 51 ಮಿ.ಮೀ., ಚೆನ್ನೈಯಲ್ಲಿ ಸುಮಾರು 32 ಮಿ.ಮೀ. ಇದ್ದರೆ ಬೆಂಗಳೂರಿನಲ್ಲಿ 7 ಮಿ.ಮೀ.ಗೂ ಕಡಿಮೆ. ಈ ಅಂಕಿಯೊಂದನ್ನೇ ನೋಡಿದವರು ಬೆಂಗಳೂರು ತನ್ನ ಅಂತರ್ಜಲವನ್ನು ಉಳಿದ ನಗರಗಳಿಗಿಂತ ಜೋಪಾನವಾಗಿ ಇಟ್ಟುಕೊಂಡಿದೆಯೆಂದು ಭಾವಿಸಬಹುದು. 2024ರ ಬೇಸಿಗೆಯಲ್ಲಿ ಅದೇ ನಗರದಲ್ಲಿ ಸರ್ಕಾರಿ ಕೊಳವೆಬಾವಿಗಳ ಸರಿಸುಮಾರು ಅರ್ಧದಷ್ಟು ಬತ್ತಿದ್ದವು, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಗಿ ಬಂದಿತ್ತು. ಸಾವಿರ ಅಡಿಗೂ ಮೀರಿ ಕೊರೆದರೂ ಬರಿಯ ಪುಡಿ ಹಾರುವ ಬೋರುಗಳ ಮೇಲೆ ನೆಲ ನೆಟ್ಟಗೆ ನಿಂತೇ ಇತ್ತು.

ಇಲ್ಲಿ ಅನುಪಲಬ್ಧಿಯ ವಿಚಾರ ಮರಳಿ ಬರುತ್ತದೆ. ಕಾಣದಿರುವುದನ್ನು ಪ್ರಮಾಣವೆಂದು ಒಪ್ಪಿದವರೂ ಅದಕ್ಕೊಂದು ಕಟ್ಟುಪಾಡು ಹಾಕಿದ್ದರು: ವಸ್ತು ಅಲ್ಲಿ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಇದ್ದಾಗ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿ. ಹಗಲಿನ ಬೆಳಕಿನಲ್ಲಿ ಬರಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಮರದಲ್ಲಿ ಪಿಶಾಚಿ ಕಾಣಲಿಲ್ಲವೆಂಬುದರಿಂದ ಪಿಶಾಚಿ ಇಲ್ಲವೆಂದು ಸಿದ್ಧವಾಗುವುದಿಲ್ಲ, ಏಕೆಂದರೆ ಅದು ಕಾಣುವ ಜಾತಿಯದೇ ಅಲ್ಲ. ಇದಕ್ಕೆ 'ಯೋಗ್ಯಾನುಪಲಬ್ಧಿ' ಎನ್ನುತ್ತಾರೆ. ಯಮುನೆಯ ಮೆಕ್ಕಲಿನ ಮೇಲೆ ರೇಡಾರಿಗೆ ಕುಸಿತ ಕಾಣದಿದ್ದರೆ ಅಲ್ಲಿನ ಅಂತರ್ಜಲ ನೆಮ್ಮದಿಯಿಂದಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಮಂಡ್ಯ, ತುಮಕೂರು, ಕೋಲಾರಗಳ ಗಟ್ಟಿ ಬಂಡೆಯ ಮೇಲೆ ಅದೇ ಮೌನಕ್ಕೆ ಆ ಬೆಲೆಯಿಲ್ಲ. ಒಂದೇ ಉಪಕರಣ, ಒಂದೇ ಲೆಕ್ಕಾಚಾರ, ಒಂದೇ ಸೊನ್ನೆ; ಒಂದು ಕಡೆ ಅದು ಸಾಕ್ಷ್ಯ, ಇನ್ನೊಂದು ಕಡೆ ಬರಿಯ ಕತ್ತಲೆ. ಹೊಸ ಉಪಕರಣಗಳ ಭರಾಟೆಯಲ್ಲಿ ಬರೆಯುವವರು ಮರೆಯುವ ಭೇದ ಇದೇ.

ಚಿನಕುರಳಿಯ ಸುತ್ತಲಿನ ನೆಲಕ್ಕೆ ಈ ಕತ್ತಲೆ ಇನ್ನೂ ದಟ್ಟವಾಗುತ್ತದೆ. ರೇಡಾರ್ ವಿಧಾನಕ್ಕೆ ಎರಡು ನೋಟಗಳ ನಡುವೆ ಮೈ ಬದಲಿಸದ ಗುರಿಗಳು ಬೇಕು: ಕಾಂಕ್ರೀಟ್ ಕಟ್ಟಡದ ಮೂಲೆ, ಸೇತುವೆ, ರೈಲುಹಳಿ, ಬೋಳುಬಂಡೆ. ನಗರಗಳ ಕುಸಿತದ ಬಗ್ಗೆ ಇಷ್ಟೊಂದು ಅಧ್ಯಯನಗಳು ಬಂದಿರುವುದಕ್ಕೆ ನಗರಗಳ ಮಹತ್ವ ಎಷ್ಟು ಕಾರಣವೋ ಅವುಗಳ ಕಾಂಕ್ರೀಟೂ ಅಷ್ಟೇ ಕಾರಣ. ನಾಲೆಯ ನೀರಿನಲ್ಲಿ ನಿಂತ ಭತ್ತದ ಗದ್ದೆ, ವಾರವಾರಕ್ಕೂ ಎತ್ತರವಾಗುವ ಕಬ್ಬು, ಗಾಳಿಗೆ ತೂಗುವ ತೆಂಗಿನ ಗರಿಗಳು ಕಿರುತರಂಗದ ರೇಡಾರಿಗೆ ಪ್ರತಿ ಸಲವೂ ಬೇರೆ ಮುಖ ತೋರಿಸುವುದರಿಂದ ಅಲ್ಲಿ ಎರಡು ಹಂತಗಳನ್ನು ಹೋಲಿಸುವುದೇ ಅಸಾಧ್ಯವಾಗುತ್ತದೆ. ಸುಮಾರು 24 ಸೆಂ.ಮೀ. ಉದ್ದದ ಅಲೆಗಳನ್ನು ಬಳಸುವ ನಿಸಾರ್ ಎಲೆಗಳ ನಡುವೆ ನುಸುಳಿ ಈ ಕೊರತೆಯನ್ನು ಒಂದಷ್ಟು ತುಂಬಬಹುದು. ಗಟ್ಟಿ ಬಂಡೆ ಕುಸಿಯದಿರುವುದರಿಂದ ಆಗುವ ಕೊರತೆಯನ್ನು ಯಾವ ತರಂಗಾಂತರವೂ ತುಂಬಲಾರದು. ಭೂಮಿಯ ಮೇಲ್ಮೈಯನ್ನು ಬಿಟ್ಟು ಅದರ ಗುರುತ್ವವನ್ನೇ ತೂಗುವ ಗ್ರೇಸ್ ಉಪಗ್ರಹಗಳು 2002ರಿಂದ 2008ರ ನಡುವೆ ವಾಯವ್ಯ ಭಾರತ 109 ಘನ ಕಿಲೋಮೀಟರಿನಷ್ಟು ಅಂತರ್ಜಲವನ್ನು ಕಳೆದುಕೊಂಡಿತೆಂದು ತೋರಿಸಿದ್ದು ನಿಜ, ಆದರೆ ಅವುಗಳ ನೋಟಕ್ಕೆ ಸಿಗುವುದು ಹಲವು ಜಿಲ್ಲೆಗಳನ್ನು ಒಟ್ಟಿಗೆ ನುಂಗುವಷ್ಟು ದೊಡ್ಡ ಪ್ರದೇಶ. ಒಂದು ಹೋಬಳಿಯ ಬಾವಿಗಳ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ಹಾಗಾದರೆ ಉಳಿಯುವುದು ಶಬ್ದಪ್ರಮಾಣ, ಅಂದರೆ ನಂಬಲರ್ಹನ ಮಾತು. ಇಂಥವನನ್ನು ಆಪ್ತನೆಂದು ಕರೆದ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ, ವಿಷಯವನ್ನು ನೇರವಾಗಿ ಕಂಡಿರುವುದು ಮತ್ತು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿರುವುದು ಎಂಬ ಎರಡು ಲಕ್ಷಣಗಳನ್ನು ಹೇಳಿ, ಇವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸಿದ. ಆ ಲಕ್ಷಣದ ಪ್ರಕಾರ ಸೇದುವ ಬಾವಿಯ ಹಗ್ಗ ಎಷ್ಟು ಉದ್ದವಾಯಿತೆಂದು ಬಲ್ಲ ಹೆಂಗಸು, ಎಷ್ಟನೆಯ ಅಡಿಗೆ ಬಂಡೆ ಸಿಕ್ಕಿತು, ಎಲ್ಲಿ ಬಿರುಕು ಸಿಕ್ಕಿ ನೀರು ಚಿಮ್ಮಿತು ಎಂದು ಹೇಳಬಲ್ಲ ಬೋರ್‌ವೆಲ್ ಲಾರಿಯ ಕೆಲಸಗಾರ, ನಾಲೆಯಲ್ಲಿ ನೀರು ನಿಂತ ಎಷ್ಟು ದಿನಕ್ಕೆ ಬಾವಿ ಇಳಿಯುತ್ತದೆಂದು ಬಲ್ಲ ನೀರುಗಂಟಿ, ಇವರೆಲ್ಲ ಉಪಗ್ರಹದ ಜೊತೆಗೆ ಸಮಾನ ಪೀಠಕ್ಕೆ ಅರ್ಹರು. ಅಂತರ್ಜಲ ಇಲಾಖೆಯ ವೀಕ್ಷಣಾ ಬಾವಿಗಳ ದಾಖಲೆಯೂ ಇದೇ ಜಾತಿಯ ಸಾಕ್ಷ್ಯ. ಕಂಡದ್ದನ್ನು ತಿಳಿಸುವ ಇಚ್ಛೆ ಎಂಬ ಎರಡನೆಯ ಲಕ್ಷಣ ಎಷ್ಟು ನಾಜೂಕಿನದೆಂಬುದು ಶಂಕರಾಚಾರ್ಯರ ಉತ್ತರದ ಪೀಠವಿರುವ ಜೋಶಿಮಠದಲ್ಲಿ ಬಯಲಾಯಿತು. 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರ ವರೆಗಿನ 12 ದಿನಗಳಲ್ಲಿ ಆ ಊರು 5.4 ಸೆಂ.ಮೀ. ಇಳಿಯಿತೆಂದು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ರೇಡಾರ್ ಚಿತ್ರಗಳಿಂದ ಕಂಡುಕೊಂಡು ಪ್ರಕಟಿಸಿದ ವರದಿ ಕೆಲವೇ ದಿನಗಳಲ್ಲಿ ಜಾಲತಾಣದಿಂದ ಮರೆಯಾಯಿತು. ವೈಜ್ಞಾನಿಕ ಸಂಸ್ಥೆಗಳು ಈ ಕುರಿತು ಮಾಧ್ಯಮಗಳೊಂದಿಗೆ ಮಾತನಾಡಬಾರದೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸೂಚಿಸಿತು. ಜನರಲ್ಲಿ ಗೊಂದಲವಾಗಬಾರದೆಂಬುದು ಅದಕ್ಕೆ ಕೊಟ್ಟ ಕಾರಣ. ಗೊಂದಲ ತಪ್ಪಿತೋ ಇಲ್ಲವೋ, ಗೋಡೆ ಬಿರುಕುಬಿಟ್ಟ ಮನೆಯಲ್ಲಿದ್ದವರಿಗೆ ಸಿಗಬೇಕಾದ ಶಬ್ದಪ್ರಮಾಣವಂತೂ ತಪ್ಪಿತು.

ಇಲ್ಲಿಯವರೆಗಿನ ವಿಚಾರ ಅರಿವಿನದು; ಧರ್ಮದ ಪ್ರಶ್ನೆ ಇದಕ್ಕಿಂತ ಆಳದಲ್ಲಿದೆ. ಭೂದೇವಿ ಕ್ಷಮಾಮೂರ್ತಿ, ತುಳಿದರೂ ಅಗೆದರೂ ಸಹಿಸುವವಳು ಎಂಬ ಭಾವ ಹಿಂದೂ ಪರಂಪರೆಯಲ್ಲಿ ಹಾಸುಹೊಕ್ಕಾಗಿದೆ. ಶ್ರೀವೈಷ್ಣವ ಆಚಾರ್ಯರು, ವಿಶೇಷವಾಗಿ ಭೂಸ್ತುತಿಯನ್ನು ರಚಿಸಿದ ವೇದಾಂತದೇಶಿಕರು, ಈ ಕ್ಷಮೆಯನ್ನು ಭಗವಂತನ ಎದುರು ಜೀವಿಗಳ ಪರವಾಗಿ ನಿಲ್ಲುವ ಗುಣವಾಗಿ ಕಂಡಿದ್ದಾರೆ. ಆದರೆ ಕ್ಷಮೆಗೆ ಮಿತಿಯಿಲ್ಲವೆಂದು ನಂಬಿದವನಿಗೆ ಅಪರಾಧದ ಅಳತೆ ತಪ್ಪಿಹೋಗುವ ಅಪಾಯವೂ ಇದೆ. ಅಥರ್ವವೇದದ ಭೂಮಿಸೂಕ್ತ ಈ ವಿಷಯದಲ್ಲಿ ಹೆಚ್ಚು ಜಾಗರೂಕವಾಗಿದೆ. ಅಗೆಯುವವನು ಅಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಬೇಡುತ್ತಾನೆ: ಒಂದು, ಅಗೆದದ್ದು ಮತ್ತೆ ತುಂಬಿಕೊಳ್ಳುವ ಬಗ್ಗೆ, ಇನ್ನೊಂದು, ತನ್ನ ಪೆಟ್ಟು ಭೂಮಿಯ ಮರ್ಮಸ್ಥಾನವನ್ನು ತಾಕದಿರುವ ಬಗ್ಗೆ. ಮೊದಲನೆಯದು ಗುಣವಾಗಬಲ್ಲ ಗಾಯ, ಎರಡನೆಯದು ಗುಣವಾಗದ ಗಾಯ.

ಉಪಗ್ರಹ ರೇಡಾರ್ ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟಿರುವುದು ಈ ಭೇದವನ್ನೇ ಎನ್ನಬಹುದು. ಮಳೆಗಾಲದಲ್ಲಿ ನೀರು ತುಂಬಿದಾಗ ಅನೇಕ ಬಯಲುಗಳ ನೆಲ ಕೂದಲೆಳೆಯಷ್ಟು ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಮರಳಿನ ಪದರಗಳ ಈ ಏರಿಳಿತ ಮರುಕಳಿಸಬಲ್ಲದ್ದು. ಜೇಡಿಯ ಪದರದ ಕುಗ್ಗುವಿಕೆ ಹಾಗಲ್ಲ. ಹಿಂದೆಂದೂ ಹೊರದಿದ್ದ ಭಾರವನ್ನು ಒಮ್ಮೆ ಹೊತ್ತು ಅದರ ಕಣಗಳು ಹೊಸ ಜೋಡಣೆಗೆ ಬಂದಮೇಲೆ ಮುಂದೆ ಎಷ್ಟೇ ನೀರು ಇಂಗಿಸಿದರೂ ಹಿಂದಿನ ಜಾಗ ಮರಳುವುದಿಲ್ಲ, ಆ ಪದರ ಮೊದಲು ಹಿಡಿಯುತ್ತಿದ್ದಷ್ಟು ನೀರನ್ನು ಇನ್ನೆಂದೂ ಹಿಡಿಯುವುದಿಲ್ಲ. ಮೆಕ್ಸಿಕೊ ನಗರದ ಕುಸಿತ ಬಹುತೇಕ ಈ ಎರಡನೆಯ ಬಗೆಯದು. ಮೊದಲನೆಯ ಬಗೆಗೆ ದೆಹಲಿಯ ದ್ವಾರಕಾ ಬಡಾವಣೆ ನಿದರ್ಶನ: ಅಲ್ಲಿ ಕೊಳವೆಬಾವಿಗಳ ಬಳಕೆ ತಗ್ಗಿ, ಮಳೆನೀರು ಇಂಗಿಸುವ ಕೆಲಸ ನಡೆದ ಬಳಿಕ ವರ್ಷಕ್ಕೆ ಸುಮಾರು 3.5 ಸೆಂ.ಮೀ. ಇದ್ದ ಕುಸಿತ ನಿಧಾನವಾಗಿ, ನಂತರ ನೆಲ ಸ್ವಲ್ಪ ಮೇಲೇಳತೊಡಗಿತೆಂದು ಮೇಲೆ ಹೇಳಿದ 2022ರ ಅಧ್ಯಯನವೇ ದಾಖಲಿಸಿದೆ. ಧರ್ಮಶಾಸ್ತ್ರಗಳು ಪ್ರಾಯಶ್ಚಿತ್ತದಿಂದ ಕಳೆಯುವ ಪಾಪ, ಕಳೆಯದ ಪಾಪ ಎಂದು ವಿಂಗಡಿಸುವಾಗ ಎದುರಿಸಿದ ಕಷ್ಟ ಇಲ್ಲಿಯೂ ಇದೆ, ಏಕೆಂದರೆ ಮಾಡುವ ಕೃತ್ಯ ಎರಡು ಕಡೆಯೂ ಒಂದೇ, ನೀರೆತ್ತುವುದು. ಯಾವ ಕ್ಷಣದಲ್ಲಿ ಅದು ಒಂದು ವರ್ಗದಿಂದ ಇನ್ನೊಂದಕ್ಕೆ ದಾಟಿತೆಂಬುದು ಎತ್ತುವವನ ಕಣ್ಣಿಗೆ ಬೀಳುವುದಿಲ್ಲ.

ಕುಸಿಯದ ಬಂಡೆನೆಲದಲ್ಲಿ ಈ ಗುರುತೂ ಇಲ್ಲದಿರುವಾಗ ಕರ್ತವ್ಯಕ್ಕೆ ಆಧಾರವೇನು ಎಂಬ ಪ್ರಶ್ನೆಗೆ ವಿಶಿಷ್ಟಾದ್ವೈತ ಮತ್ತು ಜೈನ ದರ್ಶನಗಳು ಬೇರೆ ಬೇರೆ ದಾರಿಯಲ್ಲಿ ಉತ್ತರ ಕೊಡುತ್ತವೆ. ಭೂಮಿಯೊಳಗಿದ್ದು, ಭೂಮಿಗೂ ತಿಳಿಯದಂತೆ ಅದನ್ನು ನಿಯಮಿಸುವ ಅಂತರ್ಯಾಮಿಯ ವರ್ಣನೆ ಬೃಹದಾರಣ್ಯಕ ಉಪನಿಷತ್ತಿನಲ್ಲಿದೆ. ಮೇಲುಕೋಟೆಯ ಪರಂಪರೆಗೆ ಇದು ಬುನಾದಿಯ ಭಾಗ. ರಾಮಾನುಜರು ಶರೀರವೆಂದರೇನು ಎಂಬುದಕ್ಕೆ ಕೊಟ್ಟ ಲಕ್ಷಣದಲ್ಲಿ ನೋವು, ಉಸಿರಾಟ, ಕೈಕಾಲುಗಳ ಮಾತಿಲ್ಲ: ಯಾವ ದ್ರವ್ಯವನ್ನು ಒಬ್ಬ ಚೇತನನು ತನ್ನ ಪ್ರಯೋಜನಕ್ಕಾಗಿ ಸದಾ ಧರಿಸಿ ನಿಯಮಿಸುತ್ತಾನೋ, ಯಾವುದು ಅವನಿಗೆ ಶೇಷವಾಗಿರುವುದೇ, ಅಂದರೆ ಅಧೀನವಾಗಿ ಅವನಿಗಾಗಿಯೇ ಇರುವುದೇ, ತನ್ನ ಸ್ವರೂಪವಾಗಿ ಉಳ್ಳದ್ದೋ ಅದು ಅವನ ಶರೀರ. ಈ ಲಕ್ಷಣವನ್ನು ಒಪ್ಪಿದರೆ ನೆಲ ನರಳಿತೇ ಕುಸಿಯಿತೇ ಎಂಬುದು ಅಪ್ರಸ್ತುತವಾಗಿ, ಅದು ಯಾರದು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಜಮೀನಿನ ಕೆಳಗಿನ ನೀರನ್ನು ಜಮೀನಿನ ಒಡೆಯ ಎಷ್ಟಾದರೂ ತೆಗೆದುಕೊಳ್ಳಬಹುದೆಂಬ, 1882ರ ಭಾರತೀಯ ಸರಾಗತಾ ಹಕ್ಕುಗಳ ಕಾಯ್ದೆಯಿಂದ ಬೇರೂರಿದ ಗ್ರಹಿಕೆಗೂ ಶೇಷತ್ವದ ಈ ವಿಚಾರಕ್ಕೂ ಯಾವ ಹೊಂದಾಣಿಕೆಯೂ ಸಾಧ್ಯವಿಲ್ಲ. ಒಂದೇ ಬಿರುಕಿನಿಂದ ನಾಲ್ಕು ಹೊಲಗಳ ಬೋರುಗಳು ನೀರೆಳೆಯುವ ಸೀಮೆಯಲ್ಲಿ ಆ ಕಾನೂನಿನ ಗ್ರಹಿಕೆ ಭೂವಿಜ್ಞಾನಕ್ಕೂ ಹೊಂದುವುದಿಲ್ಲವೆಂಬುದು ಬೇರೆ ಮಾತು.

ಆದರೂ ವಿಶಿಷ್ಟಾದ್ವೈತದ ಉತ್ತರದಲ್ಲಿ ಒಂದು ಬಿಕ್ಕಟ್ಟು ಉಳಿಯುತ್ತದೆ: ಭೂಮಿ ಭಗವಂತನ ಶರೀರವಾದರೆ ಕೊಳವೆಬಾವಿ ಕೊರೆಯುವ ಜೀವನೂ ಅವನ ಶರೀರವೇ, ಮತ್ತು ಶರೀರದ ದೋಷ ಶರೀರಿಯನ್ನು ತಾಕದೆಂಬುದು ಸಿದ್ಧಾಂತ; ಹಾಗಿರುವಾಗ ನೀರು ಬತ್ತಿದ್ದರಿಂದ ಯಾರಿಗೆ ಅಪಚಾರವಾಯಿತು? ಭಾಗವತಾಪಚಾರದ, ಅಂದರೆ ಭಗವಂತನವರಿಗೆ ಎಸಗುವ ದ್ರೋಹದ ವಿಚಾರದಿಂದ ಇದಕ್ಕೆ ಸಮಾಧಾನ ಹುಡುಕಬಹುದಾದರೂ ಅದು ನೇರ ದಾರಿಯಲ್ಲ. ಜೈನರ ಉತ್ತರ ಹೆಚ್ಚು ನೇರವಾಗಿದೆ. ಅವರ ಪ್ರಕಾರ ಮಣ್ಣು ಪೃಥ್ವೀಕಾಯ ಜೀವಗಳ ದೇಹ, ನೀರು ಅಪ್ಕಾಯ ಜೀವಗಳ ದೇಹ. ಒಂದೇ ಇಂದ್ರಿಯವುಳ್ಳ ಈ ಜೀವಗಳು ತಮಗಾದ ಪೆಟ್ಟನ್ನು ತೋರಿಸಿಕೊಳ್ಳಲಾರವು. ಆದ್ದರಿಂದಲೇ ತತ್ತ್ವಾರ್ಥಸೂತ್ರ ಹಿಂಸೆಯನ್ನು ಹಿಂಸೆಗೊಳಗಾದವನ ಪ್ರತಿಕ್ರಿಯೆಯಿಂದ ಅಳೆಯದೆ, ಮಾಡುವವನ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಕೂಡಿದ ಪ್ರಾಣಹರಣವೆಂದು ನಿರೂಪಿಸಿತು. ಎಲ್ಲ ನೀರಿಗೂ ಜೀವವಿದೆಯೆಂಬುದನ್ನು ಇಂದಿನ ಓದುಗ ಒಪ್ಪಬೇಕಿಲ್ಲ. ತೋರಿಸಿಕೊಳ್ಳದವರ ವಿಷಯದಲ್ಲಿ ತಪ್ಪಿನ ಅಳತೆಗೋಲು ತಪ್ಪು ಮಾಡುವವನ ಬಳಿಯೇ ಇರಬೇಕೆಂಬ ಒಳನೋಟವನ್ನು ಒಪ್ಪಲು ಆ ನಂಬಿಕೆ ಅಗತ್ಯವೂ ಅಲ್ಲ. ಕುಸಿಯದ ನೆಲಕ್ಕೆ ಇದಕ್ಕಿಂತ ಹೊಂದುವ ನೀತಿ ಬೇರೆ ಕಾಣುವುದಿಲ್ಲ.

ಬೇಬಿ ಬೆಟ್ಟದ ಪ್ರಕರಣದಲ್ಲಿ ಈ ನೀತಿ ಬೇರೊಂದು ವೇಷದಲ್ಲಿ ನ್ಯಾಯಾಲಯದ ಮುಂದೆ ಬಂದದ್ದು ಗಮನಿಸತಕ್ಕ ಸಂಗತಿ. ದನಗಳ ಜಾತ್ರೆಗೆ ಹೆಸರಾದ ಆ ಬೆಟ್ಟದ ಕ್ವಾರಿಗಳಲ್ಲಿ ಸಿಡಿಸುವ ಮದ್ದಿನ ಕಂಪನ, 1911ರಲ್ಲಿ ಕೆಲಸ ಆರಂಭವಾದ, ಸಿಮೆಂಟಿಗೆ ಬದಲು ಸುರ್ಕಿ ಗಾರೆಯಿಂದ ಕಟ್ಟಿದ ಕನ್ನಂಬಾಡಿ ಕಟ್ಟೆಯನ್ನು ತಾಕಬಹುದೇ ಎಂಬ ಕಳವಳ 2018ರ ಸೆಪ್ಟೆಂಬರಿನಲ್ಲಿ ಸುತ್ತಲ ಊರುಗಳಿಗೆ ಭಾರಿ ಸದ್ದು ಕೇಳಿಸಿದ ಮೇಲೆ ಹೆಚ್ಚಿತು. ಎರಡು ನೋಟಗಳ ನಡುವೆ ಉಳಿದುಕೊಂಡ ಸರಿತವನ್ನು ಮಾತ್ರ ಬಲ್ಲ ಉಪಗ್ರಹ ರೇಡಾರಿಗೆ ಕ್ಷಣಾರ್ಧದ ಕಂಪನ ಸಿಗುವುದೇ ಇಲ್ಲ, ಅದಕ್ಕೆ ನೆಲದಲ್ಲಿಟ್ಟ ಕಂಪನಮಾಪಕವೇ ಬೇಕು. ಕಂಪನಮಾಪಕಕ್ಕೆ ವರ್ಷಗಳ ನಿಧಾನ ಸರಿತ ಸಿಗುವುದಿಲ್ಲ. ಕಟ್ಟೆಗೆ ಹಾನಿ ಕಂಡಿಲ್ಲವೆಂದು ಒಂದು ಕಡೆಯವರು, ಕಾಣುವವರೆಗೆ ಕಾಯಬೇಕೇ ಎಂದು ಇನ್ನೊಂದು ಕಡೆಯವರು ವಾದಿಸುತ್ತಿದ್ದಾಗ, ಅಣೆಕಟ್ಟೆ ಸುರಕ್ಷತಾ ಕಾಯ್ದೆಯಡಿ ಅಧ್ಯಯನ ಮುಗಿಯುವವರೆಗೆ ಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಯಕೂಡದೆಂದು ಕರ್ನಾಟಕ ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿತು. ಹಾನಿ ಕಾಣದಿರುವುದು ಹಾನಿಯಿಲ್ಲದಿರುವುದಕ್ಕೆ ಸಾಕ್ಷಿಯಲ್ಲ, ಕಾಣುವ ಯೋಗ್ಯತೆಯನ್ನು ಮೊದಲು ಸ್ಥಾಪಿಸಬೇಕು ಎಂಬುದೇ ಆ ಆದೇಶದ ತಿರುಳೆಂದು ಕುಮಾರಿಲರ ಅನುಯಾಯಿಗಳು ವ್ಯಾಖ್ಯಾನಿಸುತ್ತಿದ್ದರೇನೋ. ಅದೇ 2024ರ ಅಕ್ಟೋಬರಿನಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದ ಯೋಜನೆ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಬೆಂಗಳೂರಿಗೆ, ಬೋರುಗಳನ್ನೇ ನಂಬಿದ್ದ 110 ಹಳ್ಳಿಗಳೂ ಸೇರಿದಂತೆ, ಹೆಚ್ಚುವರಿಯಾಗಿ ಒಯ್ಯತೊಡಗಿತು. ಆ ನೀರಿನಲ್ಲಿ ಒಂದು ಪಾಲು ಕೊಳವೆಗಳಿಂದ ಸೋರಿ ನಗರದ ನೆಲದಡಿಗೆ ಸೇರುತ್ತದೆ. ಮುಂದಿನ ವರ್ಷಗಳ ರೇಡಾರ್ ಚಿತ್ರಗಳಲ್ಲಿ ಬೆಂಗಳೂರಿನ ಅಂಚಿನ ಬಡಾವಣೆಗಳು ಒಂದೆರಡು ಮಿಲಿಮೀಟರ್ ಮೇಲೆದ್ದು ಕಂಡರೆ ಅದನ್ನು ಓದುವವರು ಕಾವೇರಿಯ ಕಣಿವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ, ಅಲ್ಲಿನ ಬಂಡೆ ಏನನ್ನೂ ತೋರಿಸದಿದ್ದರೂ.